ಗಂಡುಮಗನ ಕೈಯ ಸೌಟು

ಹೊಳಲ್ಕೆರೆ ಸೀಮೆಯ ಹಳ್ಳಿಗಳಲ್ಲಿ ಸಂಜೆ ಒಲೆಗೆ ಎಸರಿಡುವ ಹೊತ್ತಿಗೆ, ಹತ್ತು ಮನೆಗೊಂದು ಮನೆಯಲ್ಲಾದರೂ ತಾಯಿಯ ಮಗ್ಗುಲಿಗೆ ಅಂಟಿಕೊಂಡು ಕುಳಿತ ಒಬ್ಬ ಬಾಲಕ ಸಿಗುತ್ತಾನೆ. ಒಗ್ಗರಣೆಗೆ ಸಾಸಿವೆ ಸಿಡಿಯುವುದನ್ನು ಅವನು ಕಣ್ಣರಳಿಸಿ ನೋಡುತ್ತಾನೆ. ಹುರುಳಿಕಾಳಿನ ಸಾರಿಗೆ ಖಾರ ಎಷ್ಟು, ಹುಳಿ ಎಷ್ಟು ಎಂದು ಕೇಳುತ್ತಾನೆ. ಒಂದು ದಿನ ಧೈರ್ಯ ಮಾಡಿ ಸೌಟಿಗೆ ಕೈ ಹಾಕುತ್ತಾನೆ. ಆಗ ಪಡಸಾಲೆಯಿಂದ ಅಜ್ಜಿಯ ದನಿ ಕೇಳಿಸುತ್ತದೆ: “ಗಂಡುಹುಡುಗ ನೀನು, ಒಲೆ ಮುಂದೆ ಏನೋ ಕೆಲ್ಸ ನಿಂಗೆ? ಎದ್ದು ಆಡ್ಕೋ ಹೋಗು.” ಅಪ್ಪನಿದ್ದರೆ ಅಷ್ಟೂ ಮಾತಿಲ್ಲ, ಒಂದು ನೋಟವೇ ಸಾಕು. ಓಣಿಯ ಹುಡುಗರಿಗೆ ಸುದ್ದಿ ತಿಳಿದರೆ ‘ಹೆಣ್ಣಿಗ’ ಎಂಬ ಹೆಸರು ಶಾಲೆಯ ಬಾಗಿಲವರೆಗೂ ಹಿಂಬಾಲಿಸುತ್ತದೆ. ಬಾಲಕ ಸೌಟು ಕೆಳಗಿಡುತ್ತಾನೆ. ಮನೆಯವರು ಇದನ್ನು ಸಂಸ್ಕಾರವೆಂದು ಭಾವಿಸಿ ನೆಮ್ಮದಿಯಿಂದಿರುತ್ತಾರೆ.

ಇದು ಯಾರ ಸಂಸ್ಕಾರ? ಶರಣರದಂತೂ ಅಲ್ಲ.

ಬಸವಪುರಾಣದ ಪರಂಪರೆಯಲ್ಲಿ ಕಿನ್ನರಿ ಬೊಮ್ಮಯ್ಯನ ಒಂದು ಪ್ರಸಂಗ ಬರುತ್ತದೆ. ಬೊಮ್ಮಯ್ಯನು ಅಡಿಗೆಗೆಂದು ಉಳ್ಳಿಯನ್ನು, ಎಂದರೆ ಇಂದಿನವರ ಈರುಳ್ಳಿಯನ್ನು, ಹಸನು ಮಾಡುತ್ತಿದ್ದಾಗ ಬಸವಣ್ಣನವರು ಅದರ ನಾತಕ್ಕೆ ಹೇಸಿ ಒಂದು ಮಾತನ್ನಾಡಿದರು. ನೊಂದ ಬೊಮ್ಮಯ್ಯನು ಅಲ್ಲಿಂದ ಹೊರಟುಹೋದನು. ತಪ್ಪನ್ನರಿತ ಬಸವಣ್ಣನವರು ಯಾವ ಉಳ್ಳಿಯನ್ನು ಜರೆದಿದ್ದರೋ ಅದೇ ಉಳ್ಳಿಗೆ ಉತ್ಸವ ಮಾಡಿಸಿ, ಶರಣನ ಮುಂದೆ ಬಾಗಿ, ಅವನನ್ನು ಮರಳಿ ಕರೆತಂದರು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ದಂಡನಾಯಕರು ಅಡಿಗೆಯ ಸಾಮಗ್ರಿಯೊಂದನ್ನು ಹೀಗಳೆದುದಕ್ಕಾಗಿ ಕ್ಷಮೆ ಬೇಡಿದರೆಂಬುದೇ ಕಥೆಯ ತಿರುಳು. ಭಕ್ತರು ಇದನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗಿದ್ದಾರೆ. ಆದರೆ ಉಳ್ಳಿ ಹಸನು ಮಾಡುತ್ತ ಕುಳಿತಿದ್ದವನು ಗಂಡಸು ಎಂಬುದು ಪುರಾಣಕಾರನಿಗೆ ಹೇಳಿಕೊಳ್ಳುವಷ್ಟು ವಿಶೇಷವೆನಿಸಲೇ ಇಲ್ಲ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಈರುಳ್ಳಿಯ ಬೆಳೆಗೆ ಹೆಸರಾದ ಚಿತ್ರದುರ್ಗ ಜಿಲ್ಲೆಯಲ್ಲಿ, ಅದನ್ನು ಬಿತ್ತಿ, ಕಿತ್ತು, ಲಾರಿಗೆ ಹೇರುವ ಗಂಡಸಿಗೆ ಅದನ್ನು ಹೆಚ್ಚುವುದು ಮಾತ್ರ ಅವಮಾನವಾಗುವುದಾದರೆ ಬೊಮ್ಮಯ್ಯನು ಇನ್ನೊಮ್ಮೆ ಎದ್ದು ಹೋಗಬೇಕಾದೀತು.

ಜೇಡರ ದಾಸಿಮಯ್ಯನು ಹೆಣ್ಣು ಗಂಡೆಂಬ ಭೇದವನ್ನು ದೇಹದ ಚಿಹ್ನೆಗಳಿಗೆ ಸೀಮಿತಗೊಳಿಸಿ, ಒಳಗಿನ ಆತ್ಮಕ್ಕೆ ಆ ಭೇದವನ್ನು ಅಂಟಿಸಲು ಒಪ್ಪಲಿಲ್ಲ. ಆತ್ಮಕ್ಕೇ ಇಲ್ಲದ ಲಿಂಗಭೇದ ಸೌಟಿಗೆ ಎಲ್ಲಿಂದ ಬಂದಿತು? ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಬಾಗಿ ಬಾಗಿ ಆಯುವ ಕೆಲಸವನ್ನೇ ಕಾಯಕವಾಗಿ ಸ್ವೀಕರಿಸಿದವನು. ನೆಲ ಗುಡಿಸಿ ಕಾಳು ಆರಿಸುವುದು ಹೆಂಗಸರ ಪಾಲಿನದೆಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೆ ತಕ್ಕ ಉತ್ತರವನ್ನು ಲಕ್ಕಮ್ಮನೇ ಕೊಡುತ್ತಿದ್ದಳು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಕ್ಕೆ ಕಳುಹಿಸಿದವಳು ಅವಳು.

ಶರಣರ ಮಾತನ್ನು ಬದಿಗಿಟ್ಟು ಕೇವಲ ಕನ್ನಡ ನುಡಿಯನ್ನೇ ಸಾಕ್ಷಿಗೆ ಕರೆದರೂ ಅಜ್ಜಿಯ ಗದರಿಕೆಗೆ ಬೆಂಬಲ ದೊರೆಯದು. ಒಳ್ಳೆಯ ಅಡಿಗೆಯನ್ನು ಹೊಗಳಲು ಕನ್ನಡಿಗರು ಬಳಸುವ ಪದಗಳು ಯಾವುವು? ನಳಪಾಕ, ಭೀಮಪಾಕ. ಒಬ್ಬ ಅರಸ, ಇನ್ನೊಬ್ಬ ಗದೆ ಹಿಡಿದ ವೀರ. ವಿರಾಟನ ಅರಮನೆಯ ಬಾಣಸಿಗನಾಗಿ ಭೀಮನು ವರ್ಷವೊಂದನ್ನು ಕಳೆದನು, ಕೀಚಕನನ್ನು ಕೊಂದದ್ದೂ ಆ ಅವಧಿಯಲ್ಲಿಯೇ. ಅವನನ್ನು ‘ಹೆಣ್ಣಿಗ’ನೆಂದು ಕರೆಯುವ ಧೈರ್ಯವನ್ನು ಯಾವ ಗಮಕಿಯೂ ಈವರೆಗೆ ತೋರಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸುವಾಗ ಜಲಶೋಧನೆ, ವೃಕ್ಷಾಯುರ್ವೇದಗಳ ಜೊತೆಗೆ ಸೂಪಶಾಸ್ತ್ರಕ್ಕೂ ಅಧ್ಯಾಯವನ್ನಿತ್ತನು. ಅದೇ ಕಲ್ಯಾಣದ ಸಿಂಹಾಸನದಲ್ಲಿ, ಬಸವಣ್ಣನವರಿಗೆ ಕೆಲವೇ ದಶಕಗಳ ಮೊದಲು ಕುಳಿತಿದ್ದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ತಿಂಡಿತಿನಿಸುಗಳ ಪಾಕವಿಧಾನವನ್ನು ವಿವರಿಸಿದ್ದಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿಯೇ ಬರೆದನು. ಬದನೆಕಾಯಿಯ ಅಡಿಗೆಗೆ ಷಟ್ಪದಿ ಕಟ್ಟಲು ಅವನಿಗೆ ಸಂಕೋಚವಾಗಲಿಲ್ಲ. ಮೂವರೂ ಗಂಡಸರು, ಅವರಲ್ಲೊಬ್ಬ ಚಕ್ರವರ್ತಿ.

ಗ್ರಂಥಗಳ ಮಾತು ದೂರದ್ದಾಯಿತೆನ್ನುವವರು ಅಡಿಕೆ ಕೊಯ್ಲಿನ ಕಾಲದಲ್ಲಿ ಹೊಳಲ್ಕೆರೆಯ ತೋಟದ ಮನೆಗಳತ್ತ ಒಮ್ಮೆ ನಡೆದು ಬರಲಿ. ಹೆಂಗಸರು ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಹಂಡೆಯ ಮುಂದೆ ನಿಂತು, ಉರಿ ಹೆಚ್ಚಿಸಿ ತಗ್ಗಿಸಿ, ಚೊಗರಿನ ಬಣ್ಣ ನೋಡಿ, ಒಂದು ಅಡಿಕೆಯನ್ನು ತೆಗೆದು ಹಿಸುಕಿ, ಬೆಂದ ಹದವನ್ನು ಹೇಳುವವನು ಸಾಮಾನ್ಯವಾಗಿ ಗಂಡಸು. ಹದ ತಪ್ಪಿದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ಬೆಲೆ ಬೀಳುತ್ತದೆ. ಆದುದರಿಂದ ಆ ಹದಗಾರನಿಗೆ ಊರಿನಲ್ಲಿ ಮರ್ಯಾದೆಯುಂಟು. ಬೆಂಕಿ, ನೀರು, ಕಾಲ, ಹದ ಇವಿಷ್ಟೂ ಇರುವ ಕೆಲಸಕ್ಕೆ ಬೇಯಿಸುವುದು ಎಂದಲ್ಲದೆ ಬೇರೆ ಹೆಸರಿಲ್ಲ. ದಿನವಿಡೀ ಹಂಡೆಯ ಮುಂದೆ ನಿಂತು ಬಂದ ಅದೇ ಗಂಡಸು, ರಾತ್ರಿ ಮಗನು ಸಾರಿನ ಪಾತ್ರೆಯ ಮುಂದೆ ನಿಂತದ್ದನ್ನು ಕಂಡು ಹುಬ್ಬು ಗಂಟಿಕ್ಕುತ್ತಾನೆ. ಇನ್ನು ಮದುವೆಯ ಚಪ್ಪರದ ಹಿಂದಿನ ಒಲೆಗಳ ಮುಂದೆ ನಿಲ್ಲುವವರೂ ಬಹುಪಾಲು ಗಂಡಸರೇ. ಅವರಿಗೆ ತಿಂಗಳ ಮೊದಲೇ ಮುಂಗಡ ಕೊಟ್ಟು, ‘ಅಡಿಗೆಯವರು ಬಂದರೇ?’ ಎಂದು ಮದುವಣಿಗನಿಗಿಂತ ಹೆಚ್ಚಾಗಿ ಅವರ ದಾರಿಯನ್ನು ಕಾಯುವುದುಂಟು. ಸಿದ್ಧಗಂಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನವಿಕ್ಕುವ ಕೊಪ್ಪರಿಗೆಗಳನ್ನು ನೋಡಲು ಹೋದವರು ಕೈಮುಗಿದು ಬರುತ್ತಾರೆ. ಶಿವಕುಮಾರ ಸ್ವಾಮಿಗಳವರು 2019ರ ಜನವರಿ 21ರಂದು ಲಿಂಗೈಕ್ಯರಾದ ಮೇಲೆ ರಾಜ್ಯ ಸರಕಾರವು ಆ ದಿನವನ್ನು ದಾಸೋಹ ದಿನವೆಂದು ಘೋಷಿಸಿತು. ಗಂಡಸು ಅಡಿಗೆ ಮಾಡಿದರೆ ನಾಚಿಕೆಯೆಂಬ ಮಾತು ಇಲ್ಲೆಲ್ಲೂ ಕೇಳಿಬರುವುದಿಲ್ಲ.

ಹಾಗಾದರೆ ಬಾಲಕನು ಮಾಡಿದ ಅಪರಾಧವಾದರೂ ಏನು? ಅಡಿಗೆ ಮಾಡಿದ್ದಲ್ಲ. ಕೂಲಿಯಿಲ್ಲದೆ, ಬಿರುದಿಲ್ಲದೆ, ಸ್ವಂತ ಮನೆಯಲ್ಲಿ, ತಾಯಿಯ ಮಗ್ಗುಲಲ್ಲಿ ಕುಳಿತು ಮಾಡಿದ್ದು. ಹಣಕ್ಕಾಗಿ ಬೇಯಿಸುವುದು ಕಸುಬು, ದೇವರಿಗಾಗಿ ಬೇಯಿಸುವುದು ಸೇವೆ, ಮನೆಮಂದಿಗಾಗಿ ಬೇಯಿಸುವುದು ಮಾತ್ರ ಹೆಣ್ಣಿನ ಹಣೆಬರಹ ಎಂಬ ಅಲಿಖಿತ ಕಟ್ಟಳೆಯನ್ನು ಅವನು ಅರಿಯದೆ ಮುರಿದಿದ್ದಾನೆ. ಗದರಿಕೆಯ ಹಿಂದಿರುವುದು ಗಂಡಸುತನದ ಕಾಳಜಿಯಲ್ಲ, ತಾಯಿ ದಿನಕ್ಕೆ ಮೂರು ಹೊತ್ತು ಮಾಡುವ ಕೆಲಸ ಕೀಳೆಂಬ ಬಹುಕಾಲದ ತೀರ್ಮಾನ. ತಮಾಷೆಯೆಂದರೆ ಆ ತೀರ್ಮಾನವನ್ನು ಆ ತಾಯಿ ಬಡಿಸಿದ ಮುದ್ದೆಯನ್ನು ಮುರಿಯುತ್ತಲೇ ನುಡಿಯಲಾಗುತ್ತದೆ.

ಕೇಂದ್ರ ಸರಕಾರದ ಕಾಲಬಳಕೆ ಸಮೀಕ್ಷೆಗಳು ಈ ತೀರ್ಮಾನದ ತೂಕವನ್ನು ನಿಮಿಷಗಳಲ್ಲಿ ಅಳೆದಿವೆ. 2024ರ ಸಮೀಕ್ಷೆಯಂತೆ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಕೊಡುತ್ತಾರೆ, ಗಂಡಸರು 88 ನಿಮಿಷಗಳನ್ನು. ಅದೂ ಕೈಹಚ್ಚಿದ ಗಂಡಸರ ಲೆಕ್ಕ, ಹಚ್ಚದವರು ಈ ಸರಾಸರಿಗೇ ಬರುವುದಿಲ್ಲ. 2019ರಲ್ಲಿ ಗಂಡಸರದು 97 ನಿಮಿಷಗಳಿತ್ತು. ಐದು ವರ್ಷಗಳಲ್ಲಿ ಏರಬೇಕಾದದ್ದು ಇಳಿದಿದೆ. ಸೌಟು ಕೆಳಗಿಟ್ಟ ಬಾಲಕರೆಲ್ಲ ಬೆಳೆದು ಈ ಲೆಕ್ಕದೊಳಗೆ ಸೇರಿಕೊಳ್ಳುತ್ತಾರೆ.

ಕೂಲಿಯ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಶರಣರ ಪದವನ್ನೇ ಇಡಲಾಯಿತು. ಅಲ್ಲಿ ಬೇಯಿಸುವವರು ಬಹುತೇಕ ಎಲ್ಲರೂ ಹೆಂಗಸರು. ಅವರಿಗೆ ಸಲ್ಲುವುದನ್ನು ವೇತನವೆನ್ನದೆ ಗೌರವಧನವೆನ್ನುತ್ತಾರೆ. ಅದರ ಹೆಚ್ಚಳಕ್ಕಾಗಿ ಅವರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಮದುವೆಮನೆಯ ಮುಂಗಡವಿರುವಲ್ಲಿ ಗಂಡಸು, ಗೌರವಧನವಿರುವಲ್ಲಿ ಹೆಂಗಸು. ಖಾನಾವಳಿಗಳಲ್ಲಿಯೂ ಇದೇ ನೋಟ: ಒಳಗೆ ರೊಟ್ಟಿ ಬಡಿಯುವ ಸದ್ದು ಯಾರದೋ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಯಾರೋ.

ಇಲ್ಲಿ ಬಾಲಕನ ಪಕ್ಷ ವಹಿಸಿ ಬರುವ ಕೆಲವು ಹಿತೈಷಿಗಳನ್ನೂ ತಡೆದು ನಿಲ್ಲಿಸಬೇಕಾಗಿದೆ. ‘ಬಿಡಿ, ಈಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಲಕ್ಷಗಟ್ಟಲೆ ಸಂಬಳ, ಹುಡುಗ ಷೆಫ್ ಆದಾನು’ ಎಂದು ತಂದೆಯನ್ನು ಸಮಾಧಾನಪಡಿಸುವವರಿವರು. ಇವರ ಉದ್ದೇಶ ಒಳ್ಳೆಯದಿರಬಹುದು, ಆದರೆ ವಾದ ಅಜ್ಜಿಯದೇ. ಸಂಬಳವಿದ್ದರೆ ಮಾತ್ರ ಗಂಡಸಿಗೆ ಅಡಿಗೆ ಸಲ್ಲುತ್ತದೆಂದು ಇವರೂ ಒಪ್ಪಿಕೊಂಡಂತಾಯಿತು. ಆ ಹುಡುಗ ನಾಳೆ ಷೆಫ್ ಆಗದೆ ಗುಮಾಸ್ತನೋ ರೈತನೋ ಆದರೆ, ಅವನ ಬಾಲ್ಯದ ಆಸೆ ವ್ಯರ್ಥವಾಯಿತೆಂದು ಹೇಳಬೇಕೇ? ಕಾಯಕಕ್ಕೆ ಆದಾಯದಿಂದ ಬೆಲೆ ಕಟ್ಟುವುದು ಶರಣರ ಅಳತೆಗೋಲಲ್ಲ. ಹಸಿದವರಿಗೆ ಹದವಾಗಿ ಬೇಯಿಸಿಕ್ಕುವ ಆಸೆ ಒಂದು ಮಗುವಿಗೆ ತಾನಾಗಿ ಬಂದಿದ್ದರೆ ಅದು ದಾಸೋಹದ ಮೊಳಕೆಯೇ ಸರಿ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮಿಗಳು ‘ತಿರುಕ’ ಎಂಬ ಹೆಸರಿನಿಂದ ಬರೆದವರು. ಪರರ ಮಕ್ಕಳ ಅನ್ನಕ್ಕಾಗಿ ಬೇಡುವುದನ್ನೇ ಬಿರುದಾಗಿ ಧರಿಸಿದ ಮಹನೀಯರ ನೆಲದಲ್ಲಿ ಸಂಬಳದ ಚೀಟಿ ತೋರಿಸಿ ಅಡಿಗೆಗೆ ಮರ್ಯಾದೆ ಬೇಡುವುದು ಅಗತ್ಯವಿಲ್ಲ.

ಆದಾಯದ ಮಾತು ಬೇಕೇ ಬೇಕೆನ್ನುವವರಿಗೆ ದಾವಣಗೆರೆ ಹತ್ತಿರದಲ್ಲೇ ಇದೆ. 1997ರವರೆಗೆ ಅದು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಇಂದು ನಾಡೆಲ್ಲ ಹೆಸರಾದ ಅಲ್ಲಿನ ಬೆಣ್ಣೆದೋಸೆಯ ಮೂಲ 1928ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದು ನೆಲೆಸಿದ ಚೆನ್ನಮ್ಮ ಎಂಬ ತಾಯಿಯ ಒಲೆ. ಆಕೆಯ ಗಂಡುಮಕ್ಕಳು ಆ ಕಾವಲಿಯನ್ನು ಮುಂದುವರಿಸಿದರು. ತಾಯಿಯ ಮಗ್ಗುಲಲ್ಲಿ ಕುಳಿತು ಹಿಟ್ಟು, ಹದ ಕಲಿತದ್ದಕ್ಕೆ ಅವರನ್ನು ಯಾರಾದರೂ ಎಬ್ಬಿಸಿ ಕಳುಹಿಸಿದ್ದರೆ ದಾವಣಗೆರೆ ಇಂದು ಯಾವುದಕ್ಕೆ ಹೆಸರಾಗಿರುತ್ತಿತ್ತೋ!

ತಾಯಂದಿರ ಭಯ ಬೇರೆ ಬಗೆಯದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಒಲೆಯ ಮುಂದೆ ಕುಳಿತವನೆಂಬ ಮಾತು ಹಬ್ಬಿದರೆ ನಾಳೆ ಹೆಣ್ಣು ಯಾರು ಕೊಡುತ್ತಾರೆಂದು ಅವರು ಅಂಜುತ್ತಾರೆ. ಆದರೆ 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ತರುಣರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ, ಅಡಿಗೆ ಬಲ್ಲವರೆಂಬ ಕಾರಣಕ್ಕೆ ಹೆಣ್ಣು ಸಿಗಲಿಲ್ಲವೆಂದು ಅವರಲ್ಲಿ ಯಾರೂ ದೂರಲಿಲ್ಲ. ಹಳ್ಳಿಯ ಮನೆಗೆ ಬರಲು ಹೆಣ್ಣುಮಕ್ಕಳು ಹಿಂಜರಿಯುವ ಕಾರಣಗಳಲ್ಲಿ ಆ 289 ನಿಮಿಷಗಳೂ ಸೇರಿವೆಯೇ ಎಂದು ಹೆಣ್ಣು ಹೆತ್ತವರನ್ನು ಕೇಳಿ ನೋಡುವುದು ಲೇಸು. ಬೆಂಕಿಯ ಭಯವೂ ನಿಜವೇ. ಬಿಸಿ ಎಣ್ಣೆಯ ಬಳಿಗೆ ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಬಿಡಬಾರದು. ಆದರೆ ಅದೇ ವಯಸ್ಸಿನ ಹೆಣ್ಣುಮಗಳಿಗೆ ‘ಅಕ್ಕಿ ಇಟ್ಟು ನೋಡ್ಕೋ, ಹೊಲದಿಂದ ಬರ್ತೀನಿ’ ಎಂದು ಹೇಳಿ ಹೋಗುವಾಗ ಈ ಭಯ ಎಲ್ಲಿ ಅಡಗಿರುತ್ತದೆ?

ಇನ್ನೊಂದು ತಪ್ಪನ್ನು ಒಳ್ಳೆಯ ಮನೆಗಳೂ ಮಾಡುತ್ತವೆ. ಮಗನು ಒಂದು ದಿನ ಚಿತ್ರಾನ್ನ ಕಲಸಿದರೆ ನೆಂಟರಿಗೆಲ್ಲ ಫೋನಿನಲ್ಲಿ ಚಿತ್ರ ಕಳುಹಿಸುತ್ತಾರೆ. ಅವನ ಅಕ್ಕ ಅದೇ ಒಲೆಯಲ್ಲಿ ನಾಲ್ಕು ವರ್ಷದಿಂದ ರೊಟ್ಟಿ ಸುಡುತ್ತಿದ್ದರೂ ಅವಳ ತಟ್ಟೆಯ ಚಿತ್ರ ಯಾರ ಫೋನಿನಲ್ಲಿಯೂ ಇಲ್ಲ. ಹುಡುಗನಿಗೆ ಬೇಕಾದದ್ದು ಜಾತ್ರೆಯ ಹೊಗಳಿಕೆಯಲ್ಲ, ಕಲಿಯಲು ಜಾಗ ಮತ್ತು ಕೆಟ್ಟದ್ದನ್ನು ಕೆಟ್ಟಿದೆಯೆಂದು ಹೇಳುವ ನಾಲಗೆ. ಪಾತ್ರೆ ತೊಳೆಯುವ ಪಾಲೂ ಅವನಿಗೆ ಬರಬೇಕು. ಅದಿಲ್ಲದಿದ್ದರೆ ಅಡಿಗೆ ಅವನಿಗೆ ಆಟ, ಅಕ್ಕನಿಗೆ ದುಡಿಮೆ ಎಂಬ ಹಳೆಯ ಲೆಕ್ಕವೇ ಹೊಸ ಬಟ್ಟೆ ತೊಟ್ಟು ಬರುತ್ತದೆ. ಕೇರಳದಲ್ಲಿ 2024ರಲ್ಲಿ ಬಂದ ಮೂರನೆಯ ತರಗತಿಯ ಪಠ್ಯಪುಸ್ತಕದಲ್ಲಿ ತಂದೆ ತೆಂಗಿನಕಾಯಿ ತುರಿಯುವ ಚಿತ್ರವಿದೆ. ಚಿತ್ರ ಒಳ್ಳೆಯದೇ. ಕಾಯಿ ತುರಿಯುವ ತಂದೆಯನ್ನು ಮಗು ಪುಸ್ತಕಕ್ಕಿಂತ ಮೊದಲು ಮನೆಯಲ್ಲಿ ಕಂಡರೆ ಇನ್ನೂ ಒಳ್ಳೆಯದು.

ಬೇಸಿಗೆಯ ರಜೆಯಲ್ಲಿ ಹೊಲದ ಕೆಲಸ ಕಡಿಮೆ, ಮಕ್ಕಳಿಗೆ ಹೊತ್ತು ಹೆಚ್ಚು. ಮುದ್ದೆಯಿಂದಲೇ ಆರಂಭಿಸಬಹುದು. ಅದು ತೋಳಿನ ಬಲವನ್ನು ಬೇಡುವ ಕೆಲಸ, ಗಂಡಸುತನದ ಚಿಂತೆಯಿರುವವರಿಗೂ ಅದರಲ್ಲಿ ಆಕ್ಷೇಪಕ್ಕೆ ಎಡೆ ಕಡಿಮೆ. ಎಸರು ಕುದಿಯುವಾಗ ಹಿಟ್ಟು ಸುರಿಯುವ ಹೊತ್ತನ್ನು ಅಜ್ಜಿಯೇ ತೋರಿಸಲಿ, ಏಕೆಂದರೆ ಆ ಮನೆಯಲ್ಲಿ ಆ ವಿದ್ಯೆ ಅವಳಷ್ಟು ಬಲ್ಲವರು ಇಲ್ಲ. ಪಾತ್ರೆ ಅಲುಗದಂತೆ ಅಪ್ಪ ಹಿಡಿದುಕೊಳ್ಳಲಿ, ಮುದ್ದೆಕೋಲು ಹುಡುಗನ ಕೈಯಲ್ಲಿರಲಿ. ಮೊದಲ ದಿನ ಗಂಟು ಉಳಿಯುತ್ತದೆ. ಅಪ್ಪ ಅದನ್ನು ಸಾರಿನಲ್ಲಿ ಅದ್ದಿ ನುಂಗಿ, ನಾಳೆ ಹಿಟ್ಟನ್ನು ಇನ್ನಷ್ಟು ಹೊತ್ತು ಬೇಯಲು ಬಿಡಬೇಕೆಂದು ಹೇಳಿದರೆ ಸಾಕು.