ಕ್ರೀಡಾಂಗಣದ ಬೀಗದ ಕೈ ಯಾರ ಬಳಿ?

2025ರ ಜುಲೈ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ತಮ್ಮದೇ ಹೆಸರಿನ ಕೂಟದಲ್ಲಿ 86.18 ಮೀಟರ್ ದೂರಕ್ಕೆ ಜಾವೆಲಿನ್ ಎಸೆದು ಗೆದ್ದರು. ಆ ಜಾವೆಲಿನ್ ನೆಟ್ಟ ಅಂಗಳದಲ್ಲಿಯೇ ಬೆಂಗಳೂರು ಎಫ್‌ಸಿ ತಂಡವು 2014ರಿಂದ ಫುಟ್‌ಬಾಲ್ ಆಡುತ್ತ ಬಂದಿತ್ತು. ಒಂದೇ ಅಂಗಳ ಎರಡು ಕ್ರೀಡೆಗಳಿಗೆ ಒದಗಿದೆಯಲ್ಲ, ಇನ್ನೇನು ಬೇಕು ಎಂದು ದೂರದಿಂದ ನೋಡುವವರಿಗೆ ಅನ್ನಿಸಬಹುದು. ಆದರೆ ಈ ಸಹಬಾಳ್ವೆಯ ಹಿಂದೆ ದೀರ್ಘ ಕಾಲದ ಜಗಳವಿದೆ. ಹೊಸದಾಗಿ ಫುಟ್‌ಬಾಲ್ ಕ್ರೀಡಾಂಗಣ ಕಟ್ಟುವಾಗ ಓಟಗಾರರಿಗೂ ಅದರಲ್ಲಿ ಎಡೆ ಕೊಡಬೇಕೇ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು ಆ ಜಗಳವನ್ನು ಅರಿಯುವುದು ಒಳ್ಳೆಯದು.

1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಕಂಠೀರವವು ರಾಜ್ಯದ ಅಥ್ಲೀಟುಗಳ ಪಾಲಿಗೆ ತವರುಮನೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಮರುವರ್ಷ ಕಂಠೀರವಕ್ಕೆ ಬಂದಿತು. 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ತಂಡವೆನಿಸಿತು. ನಗರಕ್ಕೆ ಅದು ಹೆಮ್ಮೆಯ ಸಂಗತಿ. ಅದೇ ಹೊತ್ತಿನಲ್ಲಿ, ಪಂದ್ಯಗಳ ಸಿದ್ಧತೆಗಾಗಿ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂದು ಅಥ್ಲೀಟುಗಳೂ ತರಬೇತುದಾರರೂ ದೂರಿದರು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಎರಡು ಪಕ್ಷಗಳಲ್ಲಿ ಯಾರನ್ನೂ ಸುಳ್ಳುಗಾರರೆನ್ನುವಂತಿಲ್ಲ. ತಪ್ಪಿದ್ದದ್ದು ಲೆಕ್ಕದಲ್ಲಿ.

ಆ ಲೆಕ್ಕ ಸರಳವಾದುದು. ಪ್ರಮಾಣಿತ 400 ಮೀಟರ್ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅಂತರರಾಷ್ಟ್ರೀಯ ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಇದನ್ನು ಅದರೊಳಗೆ ಕೂರಿಸಿದರೆ ಅಂಕಣದ ನಾಲ್ಕು ಮೂಲೆಗಳಿಗೂ ಟ್ರ್ಯಾಕಿಗೂ ನಡುವೆ ಉಳಿಯುವುದು ಒಂದು ಮೀಟರಿಗೂ ತುಸು ಕಡಿಮೆ. ಗೋಲುಗೆರೆಯ ಹಿಂದೆ ಮಾತ್ರ ಇಪ್ಪತ್ತಾರು ಮೀಟರ್ ಬಯಲು. ಎಂಟು ಓಟದ ಪಥಗಳನ್ನು ಸೇರಿಸಿದರೆ ಮೂವತ್ತಾರು. ಎಂದರೆ ಗೋಲಿನ ಹಿಂದೆ ಕುಳಿತ ಪ್ರೇಕ್ಷಕನಿಗೆ ಗೋಲು ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಇನ್ನು ಹ್ಯಾಮರ್ ಬಿದ್ದಲ್ಲಿ ಹುಲ್ಲುಹಾಸಿಗೆ ಗುಂಡಿ ಬೀಳುತ್ತದೆ. ಕೃತಕ ಹುಲ್ಲು ಹಾಸಿದರೆ ಜಾವೆಲಿನ್ ನೆಡುವುದೇ ಇಲ್ಲ.

ಜಗತ್ತು ಈ ಪಾಠವನ್ನು ದುಬಾರಿ ಶುಲ್ಕ ತೆತ್ತು ಕಲಿತಿದೆ. ಇಟಲಿಯ ಟ್ಯೂರಿನ್ನಿನಲ್ಲಿ 1990ರ ವಿಶ್ವಕಪ್‌ಗೆಂದು ಟ್ರ್ಯಾಕ್ ಸಹಿತ ಕಟ್ಟಿದ ಕ್ರೀಡಾಂಗಣವನ್ನು ಎರಡೇ ದಶಕಗಳಲ್ಲಿ ಕೆಡವಿ, ಯುವೆಂಟಸ್ ತಂಡ 2011ರಲ್ಲಿ ಅಲ್ಲೇ ಟ್ರ್ಯಾಕ್ ಇಲ್ಲದ ಹೊಸ ಅಂಗಳ ತೆರೆಯಿತು. ಲಂಡನ್ನಿನ 2012ರ ಒಲಿಂಪಿಕ್ ಕ್ರೀಡಾಂಗಣದಲ್ಲಿ ಎರಡನ್ನೂ ಉಳಿಸಿಕೊಳ್ಳಲು ಸರಿಸಬಲ್ಲ ಆಸನಗಳ ವ್ಯವಸ್ಥೆ ಮಾಡಿದರು. ಆಸನಗಳನ್ನು ಸರಿಸಲು ವರ್ಷಕ್ಕೆ 3 ಲಕ್ಷ ಪೌಂಡ್ ಸಾಕೆಂದು ಮೊದಲು ಅಂದಾಜಿಸಿದ್ದ ವೆಚ್ಚ, 2017ರ ಪರಿಶೀಲನೆಯ ಹೊತ್ತಿಗೆ 80 ಲಕ್ಷ ಪೌಂಡಿನ ಆಸುಪಾಸಿಗೆ ಏರಿತ್ತು.

ಹಾಗಾದರೆ ಫುಟ್‌ಬಾಲ್ ಪ್ರಿಯರ ವಾದವೇ ಸರಿಯೇ? ಮಹಾನಗರದ ಮಟ್ಟಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಸಾವಿರಾರು ಜನ ಟಿಕೆಟು ಕೊಂಡು ನೋಡುವ ವೃತ್ತಿಪರ ಆಟಕ್ಕೆ ಅದರದೇ ಅಂಗಳ ಬೇಕು. ಕಂಠೀರವವನ್ನು ಅಥ್ಲೀಟುಗಳಿಗೆ ಬಿಟ್ಟುಕೊಡಬೇಕು. ಆದರೆ ಇದೇ ಉತ್ತರವನ್ನು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಿಗೆ ಒಯ್ದರೆ ಅದು ತಪ್ಪುತ್ತರವಾಗುತ್ತದೆ. ಈ ಸೀಮೆಯ ತಾಲ್ಲೂಕು ಕಚೇರಿಗಳಲ್ಲಿ ಕೆಲಕಾಲ ದುಡಿದ ಅನುಭವದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಅಲ್ಲಿ ಕ್ರೀಡಾಂಗಣದ ಮೊದಲ ಗ್ರಾಹಕ ಪ್ರೇಕ್ಷಕನಲ್ಲ. ನಸುಕಿನಲ್ಲಿ ಎದ್ದು ಹೆದ್ದಾರಿಯ ಅಂಚಿನಲ್ಲಿ ಓಡುವ ಯುವಕ, ಯುವತಿ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ಪುರುಷರು 1600 ಮೀಟರ್, ಮಹಿಳೆಯರು 400 ಮೀಟರ್ ಓಡಿ ತೋರಿಸಬೇಕು. ಸೇನಾ ನೇಮಕಾತಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ದೂರದ ಓಟವಿದೆ. ಪ್ರಮಾಣಿತ ಟ್ರ್ಯಾಕಿನಲ್ಲಿ ಅದು ನಾಲ್ಕು ಸುತ್ತು, ಒಂದು ಸುತ್ತು. ಆ ಸುತ್ತಿನ ಅಳತೆಯೇ ತಿಳಿಯದೆ, ಲಾರಿಗಳ ಬೆಳಕಿಗೆ ಕಣ್ಣು ಕಿರಿದು ಮಾಡಿ ಓಡುವವರಿಗೆ ಅಳತೆ ಮಾಡಿದ ಒಂದು ಅಂಗಳ ಎಂದರೆ ಉದ್ಯೋಗದ ಬಾಗಿಲು. ಮಳೆ ಕೈಕೊಟ್ಟರೆ ಹಿಂಗಾರಿ ಜೋಳ, ಕಡಲೆಯೂ ಕೈಕೊಡುವ ನಾಡಿನಲ್ಲಿ ಸಂಬಳದ ನೌಕರಿಯ ಬೆಲೆ ಏನೆಂಬುದನ್ನು ವಿವರಿಸಬೇಕಿಲ್ಲ. ಅವರನ್ನು ಜಿಲ್ಲಾ ಕೇಂದ್ರಕ್ಕೆ ಹೋಗಿ ಓಡಿರಿ ಎನ್ನುವುದು ಕ್ರೌರ್ಯ. ನರಗುಂದದಿಂದಾಗಲಿ ಗಜೇಂದ್ರಗಡದಿಂದಾಗಲಿ ಗದಗಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು; ರೋಣ ತುಸು ಹತ್ತಿರ, ಅಷ್ಟೆ.

ಇನ್ನು ನೆಲದ ಮಾತು. ಎಂಟು ಪಥಗಳ ಟ್ರ್ಯಾಕಿಗೆ ಸುಮಾರು ನಾಲ್ಕು ಎಕರೆ ಬೇಕು. ಫುಟ್‌ಬಾಲ್ ಅಂಕಣವೊಂದಕ್ಕೇ ಆದರೆ ಎರಡು ಎಕರೆ. ಎರಡು ಎಕರೆ ಉಳಿಸಲು ಟ್ರ್ಯಾಕನ್ನು ಬಿಟ್ಟರೆ, ಮುಂದೆ ಅದಕ್ಕಾಗಿಯೇ ಮತ್ತೆ ನಾಲ್ಕು ಎಕರೆ ಹುಡುಕಬೇಕು. ಅರ್ಥಶಾಸ್ತ್ರದಲ್ಲಿ ಇದನ್ನೇ ಅವಕಾಶ ವೆಚ್ಚ ಎನ್ನುತ್ತಾರೆ. ಕೂಡಿಸಿ ಕಟ್ಟುವುದರ ನಷ್ಟವೆಂದರೆ ಪ್ರೇಕ್ಷಕ ಆಟದಿಂದ ದೂರ ಉಳಿಯುವುದು. ತಾಲ್ಲೂಕು ಪಂದ್ಯದ ಪ್ರೇಕ್ಷಕ ಗೆರೆಯ ಪಕ್ಕದಲ್ಲೇ ನಿಂತು ನೋಡುವವನು. ಅವನಿಗೆ ಆ ನಷ್ಟ ತಟ್ಟದು.

ಸಿಂಥೆಟಿಕ್ ಟ್ರ್ಯಾಕ್, ಅಂತರರಾಷ್ಟ್ರೀಯ ಹುಲ್ಲುಹಾಸು ಎಂಬ ಮೋಹಕ್ಕೆ ಮಾತ್ರ ಬೀಳಬಾರದು. ಇಲ್ಲಿಯದು ಬಹುಪಾಲು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಎರೆಮಣ್ಣನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡದೆ ಮೇಲೆ ಎಷ್ಟು ಕೋಟಿ ಸುರಿದರೂ ಟ್ರ್ಯಾಕು ಸೀಳುತ್ತದೆ. ನೀರಿನ ಲೆಕ್ಕವೂ ಇದೆ. ಪೂರ್ಣ ಅಳತೆಯ ಅಂಕಣಕ್ಕೆ ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರುಣಿಸಿದರೂ ಸುಮಾರು 35,700 ಲೀಟರು. ಜಲಜೀವನ ಯೋಜನೆಯ ತಲಾ 55 ಲೀಟರಿನ ಪ್ರಮಾಣದಲ್ಲಿ ಅದು 650 ಜನರ ದಿನದ ನೀರು. ಮಹದಾಯಿಗಾಗಿ 2015ರಿಂದ ಹೋರಾಟಕ್ಕೆ ಕುಳಿತ ನರಗುಂದದ ರೈತನ ಎದುರಿಗೆ ಬೇಸಿಗೆಯಲ್ಲಿ ಹುಲ್ಲಿಗೆ ನೀರು ಬಿಡುವ ಧೈರ್ಯ ಯಾವ ಅಧಿಕಾರಿಗಿದೆ? ಗರಸಿನ ಗಟ್ಟಿ ಟ್ರ್ಯಾಕು, ಮಳೆಗಾಲದ ಹುಲ್ಲಿನ ಅಂಕಣ ಆರಂಭಕ್ಕೆ ಸಾಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾಗಿ ಓಡಿದ್ದು ಕಿಟ್ಟದ ಪುಡಿಯ ಟ್ರ್ಯಾಕಿನ ಮೇಲೆ.

ಎರಡೂ ಇದ್ದರೆ ಕಂಠೀರವದ ಜಗಳ ಇಲ್ಲಿಯೂ ಹುಟ್ಟದೇ ಎಂಬ ಆಕ್ಷೇಪ ನ್ಯಾಯವಾದುದು. ನನ್ನ ಅನುಭವ ಹೇಳುವುದೆಂದರೆ, ನಮ್ಮ ತಾಲ್ಲೂಕು ಮೈದಾನಗಳಲ್ಲಿ ಓಟಗಾರನ ಶತ್ರು ಫುಟ್‌ಬಾಲ್ ಆಟಗಾರನಲ್ಲ, ಶಾಮಿಯಾನ. ಸಮಾವೇಶ, ವಸ್ತುಪ್ರದರ್ಶನ, ಸಾಮೂಹಿಕ ವಿವಾಹಗಳಿಗೆ ಮೈದಾನ ಕೊಡುವ ಕಾಗದಗಳಿಗೆ ಸೇವೆಯಲ್ಲಿದ್ದಾಗ ನಾನೇ ಸಹಿ ಹಾಕಿದ್ದೇನೆ. ಒಮ್ಮೆ ಹಾಗೆ ಅನುಮತಿ ಕೊಟ್ಟ ಮರುವಾರ ದೈಹಿಕ ಶಿಕ್ಷಕರೊಬ್ಬರು ಕಚೇರಿಗೆ ಬಂದು, ಮೈದಾನದಲ್ಲಿ ಆಯ್ದ ಮೊಳೆ, ಗೂಟಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟು, “ಸಾಹೇಬ್ರ, ಹುಡುಗ್ರು ಬರಿಗಾಲಾಗ ಓಡ್ತಾವ್ರಿ” ಎಂದಷ್ಟೇ ಹೇಳಿ ಹೋದರು. ಉತ್ತರ ನನ್ನಲ್ಲಿರಲಿಲ್ಲ. 2022ರ ಮೇ ತಿಂಗಳಲ್ಲಿ ದೆಹಲಿಯ ಕ್ರೀಡಾಂಗಣವೊಂದರಿಂದ, ಅಧಿಕಾರಿಯ ನಾಯಿಯ ವಿಹಾರಕ್ಕೆಂದು ಕ್ರೀಡಾಪಟುಗಳನ್ನು ಬೇಗ ಹೊರಕಳುಹಿಸಲಾಗುತ್ತಿದೆ ಎಂಬ ವರದಿ ಬಂದು ದೇಶವೇ ಸಿಟ್ಟಿಗೆದ್ದಾಗ, ನನಗೆ ನೆನಪಾದದ್ದು ಆ ಪೊಟ್ಟಣ.

ಆದ್ದರಿಂದ ತಾಲ್ಲೂಕುಗಳಲ್ಲಿ ಕ್ರೀಡಾಂಗಣ ಕಟ್ಟುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಟ್ರ್ಯಾಕು, ಅಂಕಣ ಎರಡೂ ಇರಲಿ. ಗ್ಯಾಲರಿ ಒಂದೇ ಬದಿಗಿರಲಿ. ಎಸೆತಗಳಿಗೆ ಪ್ರತ್ಯೇಕ ಮೂಲೆಯಿರಲಿ. ನಸುಕಿನ ಮೂರು ಗಂಟೆ ಓಟಗಾರರಿಗೆ, ಸಂಜೆ ಆಟಗಾರರಿಗೆ ಎಂಬ ವೇಳಾಪಟ್ಟಿಯನ್ನು ಬಾಗಿಲ ಮೇಲೆ ಬರೆಸಿರಲಿ. ಕ್ರೀಡೆಯಲ್ಲದ ಕಾರ್ಯಗಳಿಗೆ ಅಂಗಳ ಕೊಡುವ ಅಧಿಕಾರ ಯಾವ ಅಧಿಕಾರಿಗೂ ಬೇಡ. ಬೀಗದ ಕೈ ದೈಹಿಕ ಶಿಕ್ಷಕರು, ತರಬೇತುದಾರರು, ಮಹಿಳಾ ಕ್ರೀಡಾಪಟುಗಳು ಇರುವ ಸಮಿತಿಯ ಬಳಿ ಇರಲಿ. ಕಟ್ಟಡಕ್ಕೆ ಹಣ ಮಂಜೂರು ಮಾಡುವ ದಿನವೇ ನಿರ್ವಹಣೆಗೂ ಹಣ ಮಂಜೂರಾಗಲಿ.

ಬೆಂಗಳೂರಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಅಂಗಳ ಎರಡು ಕ್ರೀಡೆಗಳಿಗೆ ಸಾಕೇ ಎಂಬುದು. ರೋಣದಲ್ಲಿ ಕೇಳಬೇಕಾದದ್ದು, ಬೆಳಗಿನ ಐದೂವರೆಗೆ ಬಂದ ಹುಡುಗಿಗೆ ಬಾಗಿಲು ತೆರೆದಿದೆಯೇ ಎಂಬುದು.