ಪ್ರವಾಸದಲ್ಲಿ ನಾಯಿ: ಒಂದು ವಿಚಾರ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಗುರುಗಳು ಆಗಾಗ್ಗೆ ಹೇಳುವುದುಂಟು. ಕೋಶ ಓದುವುದಕ್ಕೆ ಕಾಲೇಜಿನ ಪುಸ್ತಕಭಂಡಾರವಿದೆ. ದೇಶ ಸುತ್ತುವುದಕ್ಕೆ ಚಳಿಗಾಲದ ರಜೆಯೇ ಗತಿ. ಇತ್ತೀಚೆಗೆ ಕಾರು ಉಳ್ಳವರು ಈ ರಜೆಯಲ್ಲಿ ಮನೆಯ ನಾಯಿಯನ್ನೂ ಕೂರಿಸಿಕೊಂಡು ಬೆಟ್ಟ ಕಣಿವೆಗಳಿಗೆ ಹೊರಡುತ್ತಾರೆ. ಇದು ಸರಿಯೇ ಎಂಬ ಬಗ್ಗೆ ನಮ್ಮ ಹಾಸ್ಟೆಲಿನಲ್ಲಿ ಎರಡು ಪಕ್ಷಗಳೇ ಆಗಿರುವುದರಿಂದ, ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ.

ಇದೆಲ್ಲ ಹಣವಂತರ ಷೋಕಿ ಎಂಬುದು ಒಂದು ಪಕ್ಷ. ಈ ಮಾತನ್ನು ನಾನು ಒಪ್ಪಲಾರೆ. ನಾಲ್ಕು ದಿನ ಕಂಬಕ್ಕೆ ಕಟ್ಟಿ ನೆರೆಯವರ ದಯೆಗೆ ಬಿಟ್ಟು ಹೋಗುವುದಕ್ಕಿಂತ ಜೊತೆಗೆ ಕರೆದೊಯ್ಯುವುದು ಮೇಲಲ್ಲವೇ? ಹಿಮಾಲಯದಲ್ಲಿ ಕೊನೆಯವರೆಗೂ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆ ಕೇಳಿ ಬೆಳೆದವರು ನಾವು. ಆದರೆ ಅವನು ಹಾಗೆಂದುದು ತನ್ನನ್ನು ನಂಬಿ ಬಂದ ಪ್ರಾಣಿಯ ಹೊಣೆ ತನ್ನದೆಂಬ ಕಾರಣಕ್ಕೆ. ಹೊಣೆಯಿಲ್ಲದ ಪ್ರೀತಿ ಅರ್ಧ ಪ್ರೀತಿ.

ನಮ್ಮ ಕಡೆಯವರು ಹೋಗುವ ಗಂಡಿಕೋಟೆಯನ್ನೇ ತೆಗೆದುಕೊಳ್ಳಿ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರಿನ ಬಳಿ ಹಾದು, ಒಟ್ಟು 597 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ಉತ್ತರ ಪಿನಾಕಿನಿಯು ಕಡಪ ಜಿಲ್ಲೆಯ ಎರ್ರಮಲ ಬೆಟ್ಟಗಳನ್ನು ಸೀಳಿದ ಜಾಗವದು. ಕೆಂಪು ಬಂಡೆಗಳು ಹಲಗೆ ಪೇರಿಸಿದಂತೆ ನಿಂತು ನದಿಯವರೆಗೂ ಕಡಿದಾಗಿ ಇಳಿಯುತ್ತವೆ. ಇಂಥಲ್ಲಿ ನಾಯಿಯ ಕಷ್ಟ ನಮ್ಮ ಕಷ್ಟದಂತಲ್ಲ. ಅದಕ್ಕೆ ನಮ್ಮಂತೆ ಮೈಯೆಲ್ಲ ಬೆವರದು. ನಾಲಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ಚಳಿಗಾಲದಲ್ಲೂ ಆ ಸೀಮೆಯ ಮಧ್ಯಾಹ್ನದ ಬಂಡೆ ಕಾಯುತ್ತದೆ. ಚೂಪುಗಲ್ಲು ಅಂಗಾಲನ್ನು ಕೊಯ್ಯುತ್ತದೆ. ನೀರು ಬೇಕೆಂದು ಬಾಯಿಬಿಟ್ಟು ಕೇಳಲು ಅದಕ್ಕೆ ಬರುವುದಿಲ್ಲ.

ಕಳೆದ ವರ್ಷ ಗೆಳೆಯರೊಡನೆ ಬಸ್ಸಿನಲ್ಲಿ ಅಲ್ಲಿಗೆ ಹೋಗಿದ್ದೆ. ಯಾರದೋ ಕಾರಿನಿಂದಿಳಿದ ನಾಯಿಯೊಂದು ಅಂಚಿನ ಬಳಿ ಮೇಯುತ್ತಿದ್ದ ಮೇಕೆಗಳ ಹಿಂದೆ ಓಡಿತು. ಒಡೆಯರು ನಗುತ್ತ ಫೋಟೋ ತೆಗೆಯುತ್ತಿದ್ದರು. ಕಾಯುತ್ತಿದ್ದ ಹುಡುಗ, ನನ್ನದೇ ವಯಸ್ಸಿನವನು, ಬರಿಗಾಲಲ್ಲಿ ಪ್ರಪಾತದ ಅಂಚಿಗೇ ಓಡಿ ಮೇಕೆಗಳನ್ನು ತಿರುಗಿಸಿದ. ಪುಣ್ಯಕ್ಕೆ ಯಾವುದೂ ಬೀಳಲಿಲ್ಲ. ಆ ನಗು ಮಾತ್ರ ನನಗೆ ಸಹಿಸಲಾಗಲಿಲ್ಲ. ನನ್ನ ತಂದೆ ಕುರಿ ಕಾದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೊದಲ ವರ್ಷದ ಶುಲ್ಕ ಎರಡು ಟಗರು ಮಾರಿದ ಹಣ. ಪ್ರವಾಸಿಗೆ ಆಟವಾದದ್ದು ಆ ಊರವನಿಗೆ ವರ್ಷದ ಬದುಕು ಎಂಬುದನ್ನು ಬಲ್ಲೆ.

ನಾಯಿಯನ್ನು ಮನೆಯವರಂತೆ ಕಾಣುವ ಅಮೆರಿಕದಲ್ಲಿಯೂ ಈ ವಿಷಯಕ್ಕೆ ಕಟ್ಟಳೆಯಿದೆ. 1919ರಲ್ಲಿ ರಾಷ್ಟ್ರೀಯ ಉದ್ಯಾನವಾದ, 446 ಕಿಲೋಮೀಟರು ಉದ್ದದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ದಕ್ಷಿಣದ ಅಂಚಿನ ಮೇಲಿನ ದಾರಿಗಳಲ್ಲಿ ಸಾಕುನಾಯಿ ನಡೆಯಬಹುದು. ಅದಕ್ಕೆ ಕಟ್ಟಿದ ಹಗ್ಗ ಆರು ಅಡಿ ಮೀರಬಾರದು. ಅಂಚಿನಿಂದ ಕೆಳಕ್ಕೆ ಅದನ್ನು ಇಳಿಸುವಂತಿಲ್ಲ. ಕಣಿವೆಗಿಳಿಯುವವರು ಅಲ್ಲಿನ ನಾಯಿಮನೆಯಲ್ಲಿ ಬಿಟ್ಟು ಹೋಗಬಹುದು. ಇದರಿಂದ ಕಾಡುಪ್ರಾಣಿಗೂ ಕ್ಷೇಮ, ನಾಯಿಗೂ ಕ್ಷೇಮ. ರೋಗದ ಭಯವೂ ಸುಳ್ಳಲ್ಲ: 2018ರಲ್ಲಿ ಗಿರ್ ಅರಣ್ಯದಲ್ಲಿ ಸಿಂಹಗಳು ಸತ್ತಾಗ, ನಾಯಿಗಳಿಗೆ ತಗಲುವ ಡಿಸ್ಟೆಂಪರ್ ವೈರಾಣು ಅವುಗಳಲ್ಲಿ ಪತ್ತೆಯಾಗಿತ್ತು.

ಹಗ್ಗ ಕಟ್ಟಿದರೆ ನಾಯಿಯ ಸ್ವಾತಂತ್ರ್ಯ ಹೋಗುವುದೆಂದು ಮಿತ್ರರೊಬ್ಬರು ವಾದಿಸಿದರು. ಪ್ರಪಾತವನ್ನು ಅರಿಯದ ಪ್ರಾಣಿಗೆ ಪ್ರಪಾತದ ಬಳಿ ಕೊಡುವ ಸ್ವಾತಂತ್ರ್ಯ ಎಂಥದು? ಆದುದರಿಂದ ನನ್ನ ಅಭಿಪ್ರಾಯವಿಷ್ಟು: ನಾಯಿಯನ್ನು ಕರೆದೊಯ್ಯಿರಿ, ಆದರೆ ಹೊರಡುವ ಮುನ್ನ ಲಸಿಕೆ ಹಾಕಿಸಿರಿ, ಅದರ ಪಾಲಿನ ನೀರನ್ನೂ ಹೊತ್ತುಕೊಳ್ಳಿರಿ, ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬೇಡಿರಿ, ಹಗ್ಗವನ್ನು ಕೈಬಿಡಬೇಡಿರಿ. ಇಷ್ಟು ಮಾಡಲಾರದವರು ಅದನ್ನು ನಂಬಿಕೆಯವರ ಬಳಿ ಬಿಟ್ಟು ಹೋಗುವುದೇ ಲೇಸು. ನಾವು ಸುತ್ತುವ ದೇಶದಲ್ಲಿ ಜನ ಬಾಳುತ್ತಿದ್ದಾರೆ. ಅವರ ಮೇಕೆಗೂ ನಮ್ಮ ನಾಯಿಗೂ ಜೀವ ಒಂದೇ.