ಊರ ಹೆಸರಿನಲ್ಲಿ ‘ಶಾಂತಿ’: ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

‘ಜೆರುಸಲೇಂ ಎಂದರೆ ಶಾಂತಿಯ ನಗರ. ಆದರೆ ಅಲ್ಲಿ ಶಾಂತಿಯೇ ಇಲ್ಲ!’ ಇಂಥ ಸಾಲುಗಳನ್ನು ನಾವು ವಾಟ್ಸಾಪ್‌ನಲ್ಲಿ ಓದುತ್ತೇವೆ, ಚೆನ್ನಾಗಿದೆ ಎಂದು ಮುಂದಕ್ಕೂ ಕಳಿಸುತ್ತೇವೆ. ಹೆಸರಿನ ಅರ್ಥ ಅಷ್ಟು ಸರಳವೇ? ನೋಡೋಣ.

ಜೆರುಸಲೇಂ: ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ, 3,300 ವರ್ಷಕ್ಕೂ ಹಳೆಯ ಮಣ್ಣಿನ ಫಲಕಗಳಲ್ಲಿ ಈ ಊರು ‘ಉರುಸಲಿಮ್’ ಎಂದಿದೆ. ಇದರ ಮೂಲಾರ್ಥ ‘ಶಲೀಮ್ ದೇವರ ನೆಲೆ’ ಎನ್ನುತ್ತಾರೆ ಹೆಚ್ಚಿನ ವಿದ್ವಾಂಸರು. ಶಲೀಮ್ ಆ ನಾಡಿನ ಪ್ರಾಚೀನ ಜನರ ಮುಸ್ಸಂಜೆಯ ದೇವರು. ಹೀಬ್ರೂ ಭಾಷೆಯಲ್ಲಿ ಶಾಂತಿಗೆ ‘ಶಾಲೋಮ್’ ಎನ್ನುತ್ತಾರೆ. ಎರಡೂ ಪದಗಳ ಧಾತು ಒಂದೇ ಆದ್ದರಿಂದ ‘ಶಾಂತಿಯ ನಗರ’ ಎಂಬ ಅರ್ಥ ಆಮೇಲೆ ಸೇರಿಕೊಂಡಿತು.

ಬಾಗ್ದಾದ್: ಕ್ರಿ.ಶ. 762ರಲ್ಲಿ ಖಲೀಫ ಅಲ್-ಮನ್ಸೂರ್ ಕಟ್ಟಿಸಿದ ಈ ರಾಜಧಾನಿಯ ಅಧಿಕೃತ ಹೆಸರು ‘ಮದೀನತ್ ಅಲ್-ಸಲಾಮ್’, ಅಂದರೆ ಶಾಂತಿಯ ನಗರ. ನಾಣ್ಯಗಳ ಮೇಲೂ ಅದೇ ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ಅಲ್ಲಿದ್ದ ಹಳೆಯ ಊರಿನ ಹೆಸರೇ ಉಳಿಯಿತು. 1258ರಲ್ಲಿ ಮಂಗೋಲರು ಈ ನಗರವನ್ನು ಸೂರೆಗೈದರು.

ಲಾ ಪಾಜ್: ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿರುವ ಈ ನಗರದ ಹೆಸರು ಸ್ಪ್ಯಾನಿಷ್ ಭಾಷೆಯದು, ಅರ್ಥ ‘ಶಾಂತಿ’. ಪೆರುವಿನಲ್ಲಿ ಸ್ಪೇನಿನವರು ತಮ್ಮತಮ್ಮಲ್ಲೇ ನಡೆಸಿದ ಅಂತರ್ಯುದ್ಧ ಮುಗಿದ ನೆನಪಿಗೆ 1548ರಲ್ಲಿ ಈ ಹೆಸರಿಟ್ಟರು. ಮೂಲನಿವಾಸಿ ಐಮಾರಾ ಜನರಿಗೆ ಆ ಜಾಗ ಮೊದಲಿನಿಂದಲೂ ‘ಚುಕಿಯಾಗೊ’ ಆಗಿತ್ತು. ಗೆದ್ದವರ ಶಾಂತಿ ನಕ್ಷೆಗೆ ಬಂತು, ಸೋತವರ ಹೆಸರು ಹಿಂದೆ ಸರಿಯಿತು.

ದಾರ್ ಎಸ್ ಸಲಾಮ್: ತಾಂಜಾನಿಯಾದ ಈ ‘ಶಾಂತಿಯ ಮನೆ’ ಹುಟ್ಟಿದ್ದು 1860ರ ದಶಕದಲ್ಲಿ. ಜಾಂಜಿಬಾರ್‌ನ ಸುಲ್ತಾನ ಮಜೀದ್, ‘ಮ್ಜಿಜಿಮಾ’ ಎಂಬ ಬೆಸ್ತರ ಹಳ್ಳಿಯ ಬಳಿ ಇದನ್ನು ಕಟ್ಟಿಸತೊಡಗಿದ.

ಇವುಗಳಿಂದ ತಿಳಿಯುವುದೇನು? ಹೆಸರು ಹೇಳುವುದು ಇಟ್ಟವರ ಆಸೆಯನ್ನು ಅಥವಾ ಅಧಿಕಾರವನ್ನು. ಅಲ್ಲಿ ಬಾಳುವವರ ಸ್ವಭಾವವನ್ನು ಅದು ಹೇಳದು. ‘ಹೆಸರಲ್ಲಷ್ಟೇ ಶಾಂತಿ’ ಎಂದು ನಗುವಾಗ, ಜಗಳವೇ ಆ ಜನರ ಹಣೆಬರಹ ಎಂಬ ತೀರ್ಪನ್ನೂ ನಾವು ಹಂಚುತ್ತಿರುತ್ತೇವೆ. ಯುದ್ಧಕ್ಕೆ ಕಾರಣಗಳನ್ನು ಹುಡುಕಬೇಕಾದದ್ದು ರಾಜಕೀಯದಲ್ಲಿ, ಇತಿಹಾಸದಲ್ಲಿ, ನಿಘಂಟಿನಲ್ಲಲ್ಲ.

ಮುಂದಿನ ಸಲ ಊರ ಹೆಸರಿನ ಅರ್ಥ ಹೇಳುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಆ ಹೆಸರಿನ ಅತಿ ಹಳೆಯ ಬರಹರೂಪ ಯಾವುದು? ಅದನ್ನು ಇಟ್ಟವರು ಯಾರು? ಅದಕ್ಕೂ ಮುಂಚೆ ಅಲ್ಲಿನವರು ಏನೆಂದು ಕರೆಯುತ್ತಿದ್ದರು? ಉತ್ತರ ಸಿಗದಿದ್ದರೆ ಫಾರ್ವರ್ಡ್ ಬಟನ್ ಒತ್ತದಿರೋಣ.